ಫ್ಯಾಕ್ಟರಿ ಕೆಮ್ಮು

ಜನ್ನಾಪುರದ ನಮ್ಮ ಬೀದಿಯಲ್ಲಿ ಕೆಮ್ಮು ಎರಡು ಬಗೆ. ನಮಗೆ ನಿಮಗೆ ಬರುವುದು ಬರೀ ಕೆಮ್ಮು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರದು ಫ್ಯಾಕ್ಟರಿ ಕೆಮ್ಮು. ಅದಕ್ಕೆ ಯಾರೂ ಔಷಧಿ ತರುವುದಿಲ್ಲ, ಅದನ್ನೊಂದು ಕಾಯಿಲೆ ಎಂದು ಎಣಿಸುವುದೂ ಇಲ್ಲ. ನನ್ನ ಅಪ್ಪನಿಗೂ ಅದಿತ್ತು.

ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ನಮ್ಮ ಮನೆಗೆ ಬಂದಳು. ತಾಯಿಯಿಂದಲೇ ಬಂದ ಎಚ್‌ಐವಿ ಅವಳ ಮೈಯಲ್ಲಿತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಇಂಥ ಮಕ್ಕಳಿಗೆ ಟಿಬಿ ಬೇಗ ಅಂಟುತ್ತದೆಂದು ಮೊದಲ ವರ್ಷವೇ ಆರು ತಿಂಗಳು ಅದನ್ನು ತಡೆಯುವ ಮಾತ್ರೆ ಕೊಟ್ಟಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಆ ಜಂಬ ನನಗೆ ಬೇಕಾದಷ್ಟಿತ್ತು. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ಮಗುವಿಗೆ ಮತ್ತೆ ಮಾತ್ರೆ ಕೊಡಬೇಕಾಗಬಹುದು ಎಂದಿದ್ದರು ಕೌನ್ಸೆಲರ್. ಹೋದಾಗಲೆಲ್ಲ ಅದೇ ಪ್ರಶ್ನೆ.

"ಮನೇಲಿ ಯಾರಿಗಾದ್ರೂ ಕೆಮ್ಮು ಇದೆಯಾ?"

"ಇಲ್ಲ ಮೇಡಂ."

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ಆ ಬೆಳಿಗ್ಗೆ ಅಪ್ಪ ಕೆಮ್ಮುವ ಸದ್ದಿಗೇ ಎದ್ದು ಬಸ್ಸಿಗೆ ಹೊರಟವಳು ನಾನು. ಮಗು ಮಲಗುತ್ತಿದ್ದದ್ದು ಅಪ್ಪನ ಮಗ್ಗುಲಲ್ಲೇ. ಅಪ್ಪ ಸೊರಗುತ್ತಿದ್ದುದನ್ನು ಕಂಡು ವಯಸ್ಸಾಯಿತು ಅಂದುಕೊಂಡೆ. ಎಂಥ ಪೆದ್ದಿ ನಾನು.

ಮಗುವಿಗೆ ಏಳು ತುಂಬಿದ ವರ್ಷ ಜ್ವರ ಬಂದದ್ದು ಬಿಡಲಿಲ್ಲ. ತಲೆನೋವು, ವಾಂತಿ ಶುರುವಾದಾಗ ಆಸ್ಪತ್ರೆಗೆ ಸೇರಿಸಿದೆ. ಕೌನ್ಸೆಲರ್ ಹಾಸಿಗೆಯ ಬಳಿ ಬಂದು ಮತ್ತೆ ಅದನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗು ಹೇಳಿತು.

"ಯಾರಿಗೂ ಇಲ್ಲ ಮೇಡಂ. ತಾತಂದು ಫ್ಯಾಕ್ಟರಿ ಕೆಮ್ಮು."

ಅವರ ಪೆನ್ನು ನಿಂತಿತು. "ಎಷ್ಟು ದಿನದಿಂದ?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾವಾಗ ಹಳೆಯ ಕೆಮ್ಮು ಮುಗಿದು ಹೊಸದು ಶುರುವಾಯಿತೋ, ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ.

ಅಪ್ಪನ ಕಫದಲ್ಲಿ ಟಿಬಿ ಸಿಕ್ಕಿತು. ಮಗುವಿಗೆ ಅದು ಮಿದುಳಿಗೇ ಏರಿತ್ತು. ಹನ್ನೊಂದನೆಯ ದಿನ ಹೋಗಿಬಿಟ್ಟಳು.

ಅಪ್ಪನಿಗೂ ಆರು ತಿಂಗಳು ಮಾತ್ರೆ. "ನಂಗ್ಯಾಕಮ್ಮ ಇನ್ನು ಇದೆಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಎದುರಿಗೆ ನಿಂತು ನುಂಗಿಸಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇರುವುದೆಲ್ಲ ನನ್ನ ಮೇಲೆ. ಅವರೀಗ ಪೂರ್ತಿ ಗುಣವಾಗಿದ್ದಾರೆ. ಫ್ಯಾಕ್ಟರಿಯದೆಂದು ನಾವೆಲ್ಲ ಬಿಟ್ಟಿದ್ದ ಆ ಕೆಮ್ಮು ನಿಂತೇ ಹೋಗಿದೆ.