ಹಾಳೆ ಮಡಚಲು ಬಿಡದ ಮೈದುನ
ಅವಳ ಮೈದುನ ಹಲ್ಲುಜ್ಜುವಾಗಲೂ ಓದುತ್ತಾನೆ, ಕಥೆ ಹೊಳೆದರೆ ಎಂಜಲು ಕೈಯಲ್ಲೇ ಪೆನ್ನು ಹಿಡಿಯುತ್ತಾನೆ. ಒಲೆಯ ಮುಂದೆ ನಿಲ್ಲಿಸಿದರೆ ಹಾಲು ಉಕ್ಕಿ ನೆಲಕ್ಕಿಳಿದರೂ ಪುಟದಿಂದ ಕಣ್ಣು ಕೀಳುವುದಿಲ್ಲ. ಬೈದರೆ, “ಒಂದೇ ಪುಟ ಅತ್ತಿಗೆ, ಮುಗೀತು” ಎನ್ನುತ್ತಾನೆ, ಆ ಒಂದು ಪುಟ ಎಂದೂ ಮುಗಿಯುವುದಿಲ್ಲ. ಗುರುತಿಗೆಂದು ಬಾಚಣಿಗೆ, ಬಸ್ ಟಿಕೆಟು, ಮಗುವಿನ ಕಾಲುಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಪುಸ್ತಕದೊಳಗೆ ತುರುಕುತ್ತಾನೆ. ಆದರೆ ಬೇರೆ ಯಾರಾದರೂ ಹಾಳೆಯ ಮೂಲೆ ಮಡಚಿದರೆ ಕಿವಿ ಹಿಂಡಿಸಿಕೊಂಡವನಂತೆ ಚೀರುತ್ತಾನೆ. ಇಂಥವನ ಕೈಯಲ್ಲಿ ಪುಟ್ಟ ಮಗಳನ್ನು ಬಿಟ್ಟು ನಾಳೆಯಿಂದ ಕೆಲಸಕ್ಕೆ ಹೋಗುವುದಾದರೂ ಹೇಗೆಂದು ಅವಳಿಗೆ ಚಿಂತೆಯಾಗಿತ್ತು. ನೋಡಿಯೇಬಿಡೋಣವೆಂದು ಇವತ್ತು ಅವನಿಗೆ ಮಗುವನ್ನು ಒಪ್ಪಿಸಿ ಅಂಗಡಿಗೆ ಹೊರಟವಳು, ಮನಸ್ಸು ತಡೆಯದೆ ಬೀದಿಯ ತಿರುವಿನಿಂದಲೇ ಓಡಿ ಬಂದಳು. ಮಗು ಅವನ ತೊಡೆಯ ಮೇಲೆ ಕೂತು, ಅವನ ಮೊದಲ ಕಥೆ ಅಚ್ಚಾದ ಪತ್ರಿಕೆಯನ್ನು ಪರಪರ ಹರಿಯುತ್ತಿತ್ತು. ಇದ್ದದ್ದು ಅದೊಂದೇ ಪ್ರತಿ, ಅದನ್ನು ಅವನು ಅಣ್ಣನಿಗೂ ಮುಟ್ಟಲು ಬಿಟ್ಟಿರಲಿಲ್ಲ. “ಅಯ್ಯೋ, ನಿನ್ನ ಕಥೆ ಕಣೋ!” ಎಂದಳು. “ಶ್, ಕಿತ್ಕೋಬೇಡಿ ಅತ್ತಿಗೆ. ನೀವು ಹೊರಟ ಕೂಡ್ಲೇ ಅಳೋಕೆ ಶುರು ಮಾಡಿದ್ಲು, ಇದು ಕೊಟ್ಮೇಲೇ ಸುಮ್ನಾದ್ಲು” ಎಂದವನು, ಬಾಯಿಗೆ ಹೋಗುತ್ತಿದ್ದ ಕಾಗದದ ಚೂರನ್ನು ಬೆರಳಿನಿಂದ ಮೆಲ್ಲಗೆ ತಪ್ಪಿಸಿದ. ಅವನ ಕಣ್ಣು ಮಗುವಿನ ಬಾಯಿ ಬಿಟ್ಟು ಅಲುಗಲಿಲ್ಲ. ಅವಳು ಒಳಗೆ ಹೋಗಿ, ನಾಳೆಗೆಂದು ಆಫೀಸಿನ ಚೀಲದ ಧೂಳು ಕೊಡವಿದಳು.