ಕತ್ತರಿಸಿ ಬಿಸಾಡಿದ ಎರಡನೆಯ ನಾಳ

ಹುಡುಗರ ಪಾಠಕ್ಕೂ ಪರೀಕ್ಷೆಗೂ ಮೊದಲು ಹೆಣವನ್ನು ಚೊಕ್ಕ ಮಾಡುವ ಪದ್ಧತಿಯೊಂದು ನಮ್ಮ ಅಂಗರಚನಾ ವಿಭಾಗದಲ್ಲಿತ್ತು. ಚೊಕ್ಕ ಮಾಡುವುದೆಂದರೆ ತೊಳೆಯುವುದಲ್ಲ. ಪುಸ್ತಕದಲ್ಲಿ ಇಲ್ಲದ್ದು ಹೆಣದಲ್ಲಿ ಕಂಡರೆ ಕತ್ತರಿಸಿ ಬಕೆಟ್ಟಿಗೆ ಹಾಕುವುದು. ವೃಷಣಕ್ಕೆ ರಕ್ತ ಒಯ್ಯುವ ಅಪಧಮನಿ ಪುಸ್ತಕದ ಪ್ರಕಾರ ಒಂದು ಬದಿಗೆ ಒಂದೇ. ಆದರೆ ದೇಹಕ್ಕೆ ಪುಸ್ತಕದ ಹಂಗಿಲ್ಲ. ಕೆಲವರಲ್ಲಿ ಎರಡಿರುತ್ತವೆ, ಕೆಲವರಲ್ಲಿ ಅದು ಮೂತ್ರಪಿಂಡದ ನಾಳದಿಂದ ಹುಟ್ಟಿ ಬರುತ್ತದೆ. ಅಂಥದ್ದು ಸಿಕ್ಕಾಗಲೆಲ್ಲ ವಿಭಾಗದ ಮುಖ್ಯಸ್ಥರು ಕತ್ತರಿಯನ್ನು ನನ್ನ ಕೈಗಿಟ್ಟು, ಹುಡುಗರಿಗೆ ಗೊಂದಲ ಬೇಡ, ಹೊರಗಿನ ಪರೀಕ್ಷಕರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುತ್ತಿದ್ದರು. ಮರ್ಯಾದೆಯಂತೆ! ಅರವತ್ತರ ದಶಕದ ಕೊನೆಯಿಂದ ಎಷ್ಟೋ ವರ್ಷ ನಾನು ಬಾಯಿ ಮುಚ್ಚಿಕೊಂಡು ಕತ್ತರಿಸಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ, ಅವರ ಮೇಲೂ, ನನ್ನ ಮೇಲೂ.

ನಾನಿದ್ದದ್ದು ಮುಂಬಯಿಯ ವಡಾಲದಲ್ಲಿ. ಬೆಳಗಿನ ತಿಂಡಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ. ಅಲ್ಲಿ ದೋಸೆ ಹೊಯ್ಯುತ್ತಿದ್ದವನು ನಮ್ಮ ಊರಿನ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಮದುವೆಯಾಗಿ ಮೂರು ವರ್ಷವಾದರೂ ಅವನಿಗೆ ಮಕ್ಕಳಾಗಿರಲಿಲ್ಲ. ಎಡ ವೃಷಣದಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳಗಳು ಊದಿಕೊಂಡಿದ್ದವು, ಕಾವಲಿಯ ಮುಂದೆ ನಿಂತು ನಿಂತು ಸಂಜೆಯ ಹೊತ್ತಿಗೆ ಜಗ್ಗುವಂಥ ನೋವು. ಬಲಗಡೆಯದು ಹದಿನಾರನೆಯ ವಯಸ್ಸಿನಲ್ಲಿ ಮಂಗನಬಾವು ಬಂದಾಗಲೇ ಬಾಡಿಹೋಗಿತ್ತು. ಮಗುವಿನ ಆಸೆಯೇನಿದ್ದರೂ ಎಡಗಡೆಯದರ ಮೇಲೆ. ಊದಿದ ನಾಳಗಳನ್ನು ಕಟ್ಟಿಸಿಬಿಟ್ಟರೆ ನೋವೂ ಹೋಗಬಹುದು, ಮಕ್ಕಳೂ ಆಗಬಹುದು ಎಂದು ಅವನಿಗೆ ಹೇಳಿದವನು ನಾನೇ. ಬಾಂದ್ರಾದ ಒಂದು ನರ್ಸಿಂಗ್ ಹೋಮಿಗೆ ಕಳಿಸಿದವನೂ ನಾನೇ. ಅಲ್ಲಿನ ಸರ್ಜನ್ ಧಾರವಾಡ ಕಡೆಯವನು, ಹಿಂದೆ ನನ್ನ ಟೇಬಲ್ಲಿನ ಹೆಣ ನೋಡಿಯೇ ಕಲಿತವನು. ಕೈ ಚುರುಕು, ಒಳ್ಳೆಯ ಹೆಸರಿತ್ತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು, ಹತ್ತೇ ದಿನಕ್ಕೆ ಅವನು ಮತ್ತೆ ಕಾವಲಿಯ ಮುಂದೆ ನಿಂತ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾಚಿಕೊಂಡು ನನ್ನ ರೂಮಿಗೆ ಬಂದು, ಎಡಗಡೆಯದೂ ಸಣ್ಣದಾಗುತ್ತಿದೆ ಎಂದ. ಮುಟ್ಟಿ ನೋಡಿದೆ. ಅಡಿಕೆಯಷ್ಟಾಗಿತ್ತು.

ಆ ಸಂಜೆಯೇ ಲೋಕಲ್ ಹಿಡಿದು ಬಾಂದ್ರಾಕ್ಕೆ ಹೋದೆ. ಸರ್ಜನ್ ನಡೆದದ್ದನ್ನು ಮುಚ್ಚಿಡಲಿಲ್ಲ. ಅಪಧಮನಿಯನ್ನು ಹುಡುಕಿ ಬಿಡಿಸಿ ಇಟ್ಟಿದ್ದನಂತೆ, ಮಿಕ್ಕದ್ದೆಲ್ಲ ಊದಿದ ನಾಳಗಳೆಂದು ಕಟ್ಟಿದ್ದನಂತೆ. ಮಿಡಿಯುವುದು ಅಪಧಮನಿ ಮಾತ್ರ; ಕಟ್ಟಿದ್ದರಲ್ಲಿ ಯಾವುದೂ ಮಿಡಿಯುತ್ತಿರಲಿಲ್ಲವೇ ಎಂದು ಕೇಳಿದೆ. ಒಂದು ಮಿಡಿಯುತ್ತಿತ್ತಂತೆ. ಪಕ್ಕದ್ದರ ಮಿಡಿತ ಅದಕ್ಕೆ ತಾಗುತ್ತಿದೆ ಅಂದುಕೊಂಡನಂತೆ! ಅವನು ಉಳಿಸಿದ್ದು ನೂಲಿನಂಥ ಇನ್ನೊಂದನ್ನು. ವೃಷಣವನ್ನು ಸಾಕುತ್ತಿದ್ದ ನಾಳಕ್ಕೇ ಗಂಟು ಬಿದ್ದಿತ್ತು. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಹೊರಗೆ ಕೂತ ರೋಗಿಗಳಿಗೂ ಕೇಳುವಂತೆ ಬೈದೆ. ಅವನು ತಲೆ ತಗ್ಗಿಸಲಿಲ್ಲ.

“ಸರ್, ನಿಮ್ಮ ಟೇಬಲ್ ಮ್ಯಾಲೆ ಯಾವಾಗ್ಲೂ ಒಂದ ಇರ್ತಿತ್ತು,” ಎಂದ. “ಎರಡ ಇರತಾವ ಅಂತ ನಾ ಎಲ್ಲಿ ನೋಡಬೇಕಿತ್ರಿ?”

ಮರುದಿನ ಮುಖ್ಯಸ್ಥರ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದೆ. ಅವರು ಚಹಾ ಹೀರುತ್ತ ಕೇಳಿ, ಅದು ಸರ್ಜನ್ನನ ತಪ್ಪು, ನಮ್ಮ ವಿಭಾಗಕ್ಕೆ ಸಂಬಂಧವಿಲ್ಲ, ಮುಂದಿನ ವಾರದ ಪರೀಕ್ಷೆಯ ಕಡೆ ಗಮನ ಕೊಡಿ ಅಂದರು. ಇನ್ನು ಮುಂದೆ ನಾನು ಕತ್ತರಿ ಮುಟ್ಟುವುದಿಲ್ಲ ಎಂದೆ. ನೀವಲ್ಲದಿದ್ದರೆ ಇನ್ನೊಬ್ಬರು ಎಂದರು. ಅವರು ಹೇಳಿದ ಹಾಗೆಯೇ ಆಯಿತು; ಆ ವಾರ ನನಗಿಂತ ಕಿರಿಯನೊಬ್ಬ ಹೆಣ ಚೊಕ್ಕ ಮಾಡಿದ.

ದೋಸೆ ಹೊಯ್ಯುವವನಿಗೆ ನಿಜ ಹೇಳದೆ ಇರಲಾಗಲಿಲ್ಲ. ಊಟದ ಗದ್ದಲ ಮುಗಿದ ಮೇಲೆ ಹೋಟೆಲಿನ ಹಿಂಬಾಗಿಲಲ್ಲಿ ಅವನನ್ನು ನಿಲ್ಲಿಸಿಕೊಂಡೆ.

“ಇನ್ನು ನಂಗೆ ಮಕ್ಕಳು ಆಗ್ತದಾ ಡಾಕ್ಟ್ರೇ? ಸಮಾ ಹೇಳಿ.”

ಆಗುವುದಿಲ್ಲ ಎಂದೆ. ಸರ್ಜನ್ ಕಟ್ಟಿದ್ದನ್ನು ಹೇಳಿದೆ, ವರ್ಷಗಟ್ಟಲೆ ನಾನು ಕತ್ತರಿಸಿದ್ದನ್ನೂ ಹೇಳಿದೆ. ಅವನು ಕೂಗಾಡಲಿ, ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ.

“ಎರಡು ಇರ್ತದೆ ಅಂತ ನಿಮಗೆ ಗೊತ್ತಿತ್ತಾ?” ಎಂದಷ್ಟೇ ಕೇಳಿದ.

ಗೊತ್ತಿತ್ತು ಎಂದೆ. ಅವನು ಒಳಗೆ ಹೋದ.

ಮರುದಿನ ಬೆಳಿಗ್ಗೆ ಹೋಗಬಾರದು ಅಂದುಕೊಂಡರೂ ಹೋದೆ. ಅವನೇ ದೋಸೆ ತಂದಿಟ್ಟ. ಅಷ್ಟು ವರ್ಷಗಳಲ್ಲಿ ಊರಿನ ಕನ್ನಡ ಬಿಟ್ಟು ಬೇರೆ ಯಾವ ಭಾಷೆಯಲ್ಲೂ ಅವನು ನನ್ನ ಹತ್ತಿರ ಮಾತಾಡಿದವನಲ್ಲ.

“ಔರ್ ಕುಛ್ ಚಾಹಿಯೇ, ಸಾಬ್?” ಎಂದ.