ಏಳನೇ ಮಂಚದ ಗಂಟೆ

ನಮ್ಮವ್ವನ ತಂಗಿ, ಮಾವಶಿಯ ಕೋಣೆಯಲ್ಲಿ ಹೊಸ ಬಣ್ಣದ ವಾಸನೆ. ಬಣ್ಣ ಹಚ್ಚುವವನು ಅಲ್ಲಿಂದಲೇ ಕೂಗಿದ: “ಈ ವಾಯರ್ ಕಿತ್ತ ಒಗೀಲೇನ್ರಿ?” ಮಂಚದ ತಲೆಯ ಬಳಿಯ ಗುಂಡಿಯಿಂದ ಅಡುಗೆಮನೆಯ ಗಂಟೆಗೆ ಹೋಗುವ ವಾಯರ್ ಅದು. ಎಳೆದವರು ಮಿರಜದಲ್ಲಿ ಸಿತಾರ್ ಮಾಡುವವರ ನಮ್ಮ ಓಣಿಯ ಕಾಕಾ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಊರಿನ ದವಾಖಾನೆಗಳು ಮಜಲಿನ ಮೇಲೆ ಮಜಲು ಏರುತ್ತಿದ್ದ ಕಾಲ. ರೋಗಿ ಗುಂಡಿ ಒತ್ತಿದರೆ ನರ್ಸಬಾಯಿಯ ಟೇಬಲ್ಲಿನಲ್ಲಿ ಆ ಮಂಚದ ದೀಪ ಹತ್ತುವ ಪೆಟ್ಟಿಗೆಗಳನ್ನು ಕಾಕಾ ಮಾಡುತ್ತಿದ್ದರು. ಮೊದಲು ವಾಯರ್ ಎಳೆಯುತ್ತಿದ್ದರು. ಆಮೇಲೆ ಪುಣೆಯಿಂದ ವಾಯರ್‌ಲೆಸ್ ಮಾಡ್ಯೂಲ್ ತರಿಸಿದರು. ಉಗುರಿನಷ್ಟು ಬಿಲ್ಲೆ, ಸರಕಾರಿ ಪರೀಕ್ಷೆ ಪಾಸಾಗಿ ಬಂದದ್ದು. ಆದರೆ ಅದರ ಸಿಗ್ನಲ್ ಮೇಲಿನ ಮಜಲಿಗೆ ಮುಟ್ಟಲಿಲ್ಲ. ಕಾಕಾ ಅದರ ಪುಟ್ಟ ಆಂಟೆನಾ ಕಿತ್ತು, ಪಕ್ಕದ ಸಿತಾರ್ ಅಂಗಡಿಯ ಹಿತ್ತಾಳೆ ತಂತಿ ಬೆಸೆದರು. ಆಂಟೆನಾ ಬದಲಿಸಿದರೆ ಇಡೀ ಪೆಟ್ಟಿಗೆಯನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕೆಂದು ಮಾರಿದವನು ನನ್ನೆದುರಿಗೇ ಹೇಳಿದ್ದ. ಕಾಕಾ ನಕ್ಕುಬಿಟ್ಟರು.

“ಬಿಲ್ಲೆ ಪಾಸ್ ಆಗೇತಲ್ಲೋ ತಮ್ಮಾ, ಪೆಟಗಿಗೆ ಮತ್ಯಾಕ ಪರೀಕ್ಷಾ?”

ಇದಕ್ಕೇ ನನಗೆ ಮೈ ಉರಿಯುವುದು. ತಂತಿ ಬದಲಿಸಿದ ಸಿತಾರನ್ನು ಮತ್ತೆ ಶ್ರುತಿ ಮಾಡದೆ ಯಾರಾದರೂ ನುಡಿಸುತ್ತಾರೆಯೇ? ಆ ಓಣಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ! ಪರೀಕ್ಷೆಗೆ ಕಳಿಸಿದ್ದರೆ ಸಿಗ್ನಲ್ ಎಷ್ಟು ದೂರ ಹಾಯುತ್ತದೆಂದು ಅಲ್ಲೇ ಗೊತ್ತಾಗುತ್ತಿತ್ತು.

ರಸ್ತೆಯ ಎದುರುಬದುರಿನ ಎರಡು ದವಾಖಾನೆಗಳಿಗೂ ಅವೇ ಪೆಟ್ಟಿಗೆಗಳು ಹೋದವು, ಮಂಚದ ನಂಬರುಗಳೂ ಅವೇ. ನನ್ನನ್ನು ಸಾಕಿದ ಮಾವಶಿ ಹೊಟ್ಟೆಯ ಆಪರೇಶನ್ ಆಗಿ ಒಂದರಲ್ಲಿ ಏಳನೇ ಮಂಚದಲ್ಲಿದ್ದಳು. ಬಚ್ಚಲಿಗೆ ಹೋಗಬೇಕೆಂದು ಗುಂಡಿ ಒತ್ತಿದಳು. ಆ ಹಿತ್ತಾಳೆ ತಂತಿಯಿಂದ ಸಿಗ್ನಲ್ ರಸ್ತೆ ದಾಟಿ, ಎದುರಿನ ದವಾಖಾನೆಯಲ್ಲೂ ಏಳನೇ ದೀಪ ಹತ್ತಿತು. ಅಲ್ಲಿಯ ನರ್ಸಬಾಯಿ ಹೋಗಿ ನೋಡಿದರೆ ಅವರ ರೋಗಿ ನಿದ್ದೆಯಲ್ಲಿದ್ದ. ಆಕೆ ದೀಪ ಆರಿಸಿದಳು. ದೀಪ ಆರಿಸುವ ಆ ಸಿಗ್ನಲ್ಲೂ ರಸ್ತೆ ದಾಟಿ ಬಂದು, ಯಾರೂ ನೋಡುವ ಮೊದಲೇ ಇಲ್ಲಿಯ ದೀಪವನ್ನೂ ಆರಿಸಿತು. ಕಾದು ಕಾದು ಮಾವಶಿ ತಾನೇ ಇಳಿದಳು... ಬಿದ್ದು ಸೊಂಟ ಮುರಿಯಿತು. ಮತ್ತೆಂದೂ ನಡೆಯಲಿಲ್ಲ.

ಕಾಕಾ ಪೆಟ್ಟಿಗೆಗಳನ್ನೆಲ್ಲ ವಾಪಸು ತಂದರು. ನಮ್ಮ ಮನೆಗೆ ಬಂದು, ತಲೆ ಎತ್ತದೆ, ಈ ವಾಯರ್ ಎಳೆದರು. “ಛಾ ಕುಡದ ಹೋಗ್ರಿ” ಎಂದಳು ಮಾವಶಿ. ಛಾ! ಆಕೆಯ ಆ ಒಳ್ಳೆಯತನಕ್ಕೂ ನನಗೆ ಸಿಟ್ಟು ಬಂದಿತ್ತು.

ಹೋದ ತಿಂಗಳು ಮಾವಶಿಯೂ ಹೋದಳು. ಇನ್ನು ಯಾರಿಗೆ ಈ ವಾಯರ್? ಕಿತ್ತು ಒಗೆ ಎನ್ನುವ ಮೊದಲು, ಕೋಣೆಯೊಳಗೆ ಹೋಗಿ ಹಾಳು ಗುಂಡಿಯನ್ನು ಕೊನೆಯ ಸಲ ಒತ್ತಿದೆ. ಅಡುಗೆಮನೆಯಲ್ಲಿ ಗಂಟೆ ಗಟ್ಟಿಯಾಗಿ ಹೊಡೆಯಿತು.

“ಬಂದ್ನಿರಿ ಮಾವಶಿ...” ಎನ್ನುತ್ತ ನನ್ನ ಹೆಂಡತಿ ಓಡಿ ಬಂದು, ಖಾಲಿ ಮಂಚದ ಮುಂದೆ ನಿಂತಳು.